ಕರೆಂಟು, ನೀರು, ಗಂಟಲು: ನಮ್ಮ ಕಡೆ ಸಿಪಿಆರ್ ಯಾರು ಕಲಿಯಬೇಕು?

2025ರ ಜೂನ್, ಜುಲೈ ಹೊತ್ತಿಗೆ ಹಾಸನದಿಂದ ಹೃದಯಾಘಾತದ ಸುದ್ದಿ ಮೇಲಿಂದ ಮೇಲೆ ಬಂದಿದ್ದು ನೆನಪಿದೆ ಅಲ್ವಾ? ಸುಮಾರು 40 ದಿನದಲ್ಲಿ 20ಕ್ಕೂ ಜಾಸ್ತಿ ಜನ ತೀರಿಕೊಂಡರು ಅಂತ ಟಿವಿಯಲ್ಲಿ ದಿನಾ ಲೆಕ್ಕ ಬರುತ್ತಿತ್ತು. ಜನ ಗಾಬರಿಯಾಗಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ಹಚ್ಚಿದರು. ಸರ್ಕಾರ ತಜ್ಞರ ಸಮಿತಿ ಮಾಡಿತು, ಸಾವು ಅಸಹಜವಾಗಿ ಏರಿದ ಹಾಗೆ ಕಾಣುವುದಿಲ್ಲ ಅಂತ ಸಮಿತಿ ವರದಿ ಕೊಟ್ಟಿತು, ಗದ್ದಲ ತಣ್ಣಗಾಯಿತು. ಇಸಿಜಿ ಮಾಡಿಸಿಕೊಳ್ಳುವುದು ತಪ್ಪೇನಲ್ಲ. ಆದರೆ ಇವತ್ತು ಇಸಿಜಿ ಸರಿ ಬಂತು ಅಂದರೆ ಮುಂದಿನ ತಿಂಗಳು ಏನೂ ಆಗಲ್ಲ ಅಂತ ಯಾವ ಡಾಕ್ಟರೂ ಬರೆದುಕೊಡಲ್ಲ. ಮನುಷ್ಯ ಕುಸಿದು ಬಿದ್ದ ಹೊತ್ತಿಗೆ ಬೇಕಾಗುವುದು ಪಕ್ಕದಲ್ಲಿ ನಿಂತವರಿಗೆ ಗೊತ್ತಿರುವ ಕೆಲಸ: ಸಿಪಿಆರ್, ಅಂದರೆ ಎದೆ ಒತ್ತಿ, ಬೇಕಾದ ಕಡೆ ಬಾಯಿಂದ ಉಸಿರು ಕೊಟ್ಟು ರಕ್ತದ ಓಟ ನಡೆಸುವುದು. ಅದನ್ನು ಕಲಿಯಲು ಅಷ್ಟು ದೊಡ್ಡ ಸಾಲು ಎಲ್ಲೂ ಕಾಣಲಿಲ್ಲ.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ನಾವು ಈ ವಿಷಯವನ್ನು ಸ್ವಲ್ಪ ಬೇರೆ ಕಡೆಯಿಂದ ನೋಡಬೇಕು ಅನ್ನೋದು ನನ್ನ ವಾದ. ಸಿಪಿಆರ್ ಅಂದ ಕೂಡಲೇ ಎಲ್ಲರ ತಲೆಗೆ ಬರುವುದು ಜಿಮ್‌ನಲ್ಲಿ ಕುಸಿದ ಹುಡುಗರು, ಮದುವೆಯಲ್ಲಿ ಕುಣಿಯುತ್ತ ಬಿದ್ದವರ ವಿಡಿಯೋ, 2021ರ ಅಕ್ಟೋಬರ್ 29ರಂದು ನಮ್ಮನ್ನೆಲ್ಲ ಬಿಟ್ಟುಹೋದ ಪುನೀತ್ ರಾಜ್‌ಕುಮಾರ್. ಹೃದಯದ ಮಾತು ನಮಗೂ ಬೇಕು. ಆದರೆ ನಮ್ಮ ಜಿಲ್ಲೆಗಳಲ್ಲಿ ಜೀವ ಕೈತಪ್ಪಿ ಹೋಗುವ ಜಾಗಗಳು ಇನ್ನೂ ಇವೆ. ಬಾವಿ ಮೋಟರಿನ ಸ್ಟಾರ್ಟರ್ ಡಬ್ಬಿ, ಕೃಷಿ ಹೊಂಡ, ಕಾಲುವೆ, ಹೊಳೆ ದಂಡೆ, ಕೈಗೆ ಸಿಕ್ಕ ಶೇಂಗಾ ಕಾಳು ಬಾಯಿಗೆ ಹಾಕಿಕೊಳ್ಳುವ ಎರಡು ವರ್ಷದ ಕೂಸು. ಇಲ್ಲಿ ಸಾಯುವವರು ಹೆಚ್ಚಾಗಿ ಹರೆಯದವರು, ಮಕ್ಕಳು. ಬಹಳ ಮಂದಿಯ ಹೃದಯಕ್ಕೆ ಮೊದಲಿಂದ ಯಾವ ರೋಗವೂ ಇರಲ್ಲ. ಉಸಿರೋ ರಕ್ತದ ಓಟವೋ ನಿಂತಿರುತ್ತದೆ, ತಕ್ಷಣ ಯಾರಾದರೂ ಕೈ ಹಚ್ಚಿದರೆ ಮರಳಿ ಬರುವ ಅವಕಾಶ ಇವರಿಗೆ ಇರುತ್ತದೆ.

ಮೊದಲು ನಿಮಿಷಗಳ ಲೆಕ್ಕ ನೋಡೋಣ. ಹೃದಯ ನಿಂತ ಮೇಲೆ ಮಿದುಳು ತಾಳುವುದು ಬಹಳ ಕಡಿಮೆ ಹೊತ್ತು. ನಾಲ್ಕರಿಂದ ಆರು ನಿಮಿಷಕ್ಕೆಲ್ಲ ಹಾನಿ ಶುರುವಾಗುತ್ತದೆ. ಏನೂ ಮಾಡದೆ ಸುಮ್ನೆ ನಿಂತರೆ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ಶೇ 7ರಿಂದ 10ರಷ್ಟು ಇಳಿಯುತ್ತ ಹೋಗುತ್ತದೆ. ಯಾರಾದರೂ ಎದೆ ಒತ್ತುತ್ತಿದ್ದರೆ ಆ ಇಳಿತ ಶೇ 3–4ಕ್ಕೆ ಬರುತ್ತದೆ. ಅಂದರೆ ಒತ್ತುವವರು ಹೊತ್ತನ್ನು ಎಳೆದು ಹಿಡಿದಿರುತ್ತಾರೆ, ಅಷ್ಟೇ. ಆ ಅಷ್ಟರಲ್ಲೇ ಎಲ್ಲ ಇದೆ.

ಈಗ ಈ ಲೆಕ್ಕವನ್ನು ನಮ್ಮ ತೋಟದ ವಸ್ತಿಗೆ ತನ್ನಿ. ಅಥಣಿ, ಜಮಖಂಡಿ, ಇಂಡಿ, ತಿಕೋಟಾ ಕಡೆ ಅರ್ಧಕ್ಕರ್ಧ ಜನ ಊರೊಳಗೆ ಇರುವುದೇ ಇಲ್ಲ, ಹೊಲದಲ್ಲೇ ಮನೆ. ರಾತ್ರಿ 108ಕ್ಕೆ ಫೋನ್ ಹಚ್ಚಿದರೆ ಆ ಕಡೆಯವರು ಕೇಳುವ ಮೊದಲ ಪ್ರಶ್ನೆ ಎಲ್ಲಿಗೆ ಬರಬೇಕು ಅಂತ. "ಸಾಲಿ ದಾಟಿ ಎಡಕ್ಕ ಬರ್ರಿ, ಬನ್ನಿ ಗಿಡದ ಹಂತೇಲಿ ಬಲಕ್ಕ ಹೊಳ್ರಿ, ಕಬ್ಬಿನ ನಡುವ ದಾರಿ ಐತಿ, ಅಲ್ಲಿ ಯಾರನರ ಕೇಳ್ರಿ." ಕಬ್ಬಿನ ನಡುವೆ ರಾತ್ರಿ ಹನ್ನೊಂದಕ್ಕೆ ಯಾರನ್ನು ಕೇಳಬೇಕು? 108 ಸೇವೆ ನಮ್ಮ ರಾಜ್ಯದಲ್ಲಿ 2008ರಿಂದ ಇದೆ, ಎಷ್ಟೋ ಬಾಣಂತಿಯರನ್ನು, ಅಪಘಾತದವರನ್ನು ಉಳಿಸಿದೆ. ಅವರ ಗಾಡಿ ಎಷ್ಟೇ ಜೋರಾಗಿ ಬಂದರೂ ಆರು ನಿಮಿಷದಲ್ಲಿ ವಸ್ತಿ ಮುಟ್ಟುವುದು ಆಗದ ಮಾತು. ಬೆಂಗಳೂರಿನ ಟ್ರಾಫಿಕ್‌ನಲ್ಲೇ ಆಗಲ್ಲ, ಇಲ್ಲಿ ಎಲ್ಲಿಂದ ಆಗುತ್ತದೆ? ಹಾಗಾಗಿ ಆ ಆರು ನಿಮಿಷ ಮನೆಯವರದ್ದೇ, ನೆರೆಯವರದ್ದೇ. ಡಾಕ್ಟರು ಬಂದು ನೋಡಲಿ ಅಂತ ಕಾಯುವಷ್ಟು ಪುರುಸೊತ್ತು ಇರಲ್ಲ.

ಇಲ್ಲೊಂದು ಗೊಂದಲ ಬಿಡಿಸಿಕೊಂಡು ಮುಂದೆ ಹೋಗೋಣ. ಹಾರ್ಟ್ ಅಟ್ಯಾಕ್ ಬೇರೆ, ಕಾರ್ಡಿಯಾಕ್ ಅರೆಸ್ಟ್ ಬೇರೆ. ಅಟ್ಯಾಕ್ ಅಂದರೆ ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು. ಮನುಷ್ಯನಿಗೆ ಎಚ್ಚರ ಇರುತ್ತದೆ, ಎದೆ ಹಿಡಿದುಕೊಂಡು ಬೆವರುತ್ತಾನೆ, ಮಾತಾಡುತ್ತಾನೆ. ಅವನ ಎದೆ ಒತ್ತಬಾರದು, ಕೂರಿಸಿಕೊಂಡು ಲಗೂನ ಆಸ್ಪತ್ರೆಗೆ ಒಯ್ಯಬೇಕು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವುದು ಇದಕ್ಕೇ: ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಪುಕ್ಕಟೆ ಕೊಡುತ್ತಾರೆ. ಪೇಟೆಯಲ್ಲಿ ಸಾವಿರಾರು ರೂಪಾಯಿ ಬೆಲೆಯ ಔಷಧಿ ಅದು. ಎದೆನೋವು ಬಂದರೆ ಗ್ಯಾಸ್ ಆಗಿದೆ ಅಂತ ಸೋಡಾ ಕುಡಿದು ಮಲಗುವವರು ಇದನ್ನು ನೆನಪಿಡಬೇಕು. ಅರೆಸ್ಟ್ ಅಂದರೆ ಹೃದಯದ ಬಡಿತವೇ ನಿಂತಂತೆ. ಎಚ್ಚರ ಇರಲ್ಲ, ಉಸಿರು ಇರಲ್ಲ. ಸಿಪಿಆರ್ ಇವರಿಗೆ.

ಕರೆಂಟಿನಿಂದ ಹುಟ್ಟಿದ ವಿದ್ಯೆ

ಎದೆ ಒತ್ತುವ ಈ ವಿದ್ಯೆಯನ್ನು ಕಂಡುಹಿಡಿದವರಲ್ಲಿ ಮುಖ್ಯರಾದವರು ಒಬ್ಬ ಎಲೆಕ್ಟ್ರಿಕಲ್ ಎಂಜಿನಿಯರ್ ಅಂದರೆ ನಂಬುತ್ತೀರಾ? ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಲಿಯಂ ಕೌವೆನ್‌ಹೋವನ್. ಅಲ್ಲಿನ ವಿದ್ಯುತ್ ಕಂಪನಿಗಳ ಲೈನ್‌ಮನ್‌ಗಳು ಶಾಕ್ ಹೊಡೆದು ಸಾಯುತ್ತಿದ್ದರು, ಅದಕ್ಕೊಂದು ದಾರಿ ಹುಡುಕಿ ಅಂತ ಕಂಪನಿಗಳೇ ದುಡ್ಡು ಕೊಟ್ಟಿದ್ದವು. ನಾಯಿಗಳ ಮೇಲೆ ಪ್ರಯೋಗ ಮಾಡುವಾಗ ಅವರ ವಿದ್ಯಾರ್ಥಿ ಗೈ ನಿಕರ್‌ಬಾಕರ್ ಒಂದು ಸಂಗತಿ ಗಮನಿಸಿದ. ಲಯ ತಪ್ಪಿದ ಹೃದಯವನ್ನು ಸರಿಗೆ ತರಲು ಶಾಕ್ ಕೊಡುವ ಭಾರದ ಪ್ಯಾಡಲ್‌ಗಳನ್ನು ಎದೆ ಮೇಲೆ ಒತ್ತಿ ಇಟ್ಟಾಗಲೇ, ಶಾಕ್ ಕೊಡುವ ಮುಂಚೆಯೇ, ರಕ್ತದೊತ್ತಡ ಸ್ವಲ್ಪ ಏರುತ್ತಿತ್ತು. ಹಾಗಾದರೆ ಬರೀ ಒತ್ತಿದರೂ ರಕ್ತ ಓಡುತ್ತದೆ ಅಂತಾಯಿತಲ್ಲ! ಸರ್ಜನ್ ಜೇಮ್ಸ್ ಜೂಡ್ ಜೊತೆ ಸೇರಿ ಅವರು 1960ರಲ್ಲಿ ಇದನ್ನು ಪ್ರಕಟಿಸಿದರು. ಯಾರು ಬೇಕಾದರೂ ಎಲ್ಲಿ ಬೇಕಾದರೂ ಶುರು ಮಾಡಬಹುದು, ಎರಡು ಕೈ ಇದ್ದರೆ ಸಾಕು ಅನ್ನೋದು ಅವರ ಬರಹದ ಸಾರ. ಅಲ್ಲಿಯ ತನಕ ನಿಂತ ಹೃದಯವನ್ನು ನಡೆಸಲು ಸರ್ಜನ್‌ಗಳು ಎದೆ ಕೊಯ್ದು ಕೈ ಒಳಗೆ ಹಾಕಿ ಹಿಚುಕಬೇಕಾಗಿತ್ತು.

ಹಾಗಾಗಿ ಹೆಸ್ಕಾಂ ಲೈನ್ ಕೆಳಗೆ, ತ್ರೀ ಫೇಸ್ ಕರೆಂಟಿಗೆ ಕಾದು ರಾತ್ರಿ ನೀರು ಹಾಯಿಸುವ ರೈತನಿಗೆ ಈ ವಿದ್ಯೆ ಎಲ್ಲಿಂದಲೋ ಬಂದದ್ದೇನಲ್ಲ, ಇದು ಅವನಂಥವರಿಗೇ ಹುಟ್ಟಿದ್ದು. ರಾತ್ರಿ ಹೊತ್ತು, ಒದ್ದೆ ನೆಲ, ಬರಿಗಾಲು, ಮುಚ್ಚಳ ಕಿತ್ತ ಸ್ಟಾರ್ಟರ್ ಡಬ್ಬಿ, ಟೇಪು ಬಿಚ್ಚಿಕೊಂಡ ಕೇಬಲ್. ಕರೆಂಟ್ ಹಿಡಿದವನನ್ನು ಬಿಡಿಸಲು ಮನೆಯವರು ಓಡಿ ಬಂದು ಮೈ ಮುಟ್ಟುತ್ತಾರೆ, ಅವರೂ ಹೋಗುತ್ತಾರೆ. ಒಂದೇ ಮನೆಯ ಇಬ್ಬರು, ಮೂವರು ಅನ್ನೋ ಸುದ್ದಿ ಬರುವುದು ಹೀಗೆ. ಮೊದಲು ಮೇನ್ ಸ್ವಿಚ್ ಅಥವಾ ಫ್ಯೂಸ್ ತೆಗೆಯಬೇಕು. ಅದು ಕೈಗೆ ಸಿಗದಿದ್ದರೆ ಒಣಗಿದ ಕಟ್ಟಿಗೆಯಿಂದ ವೈರನ್ನು ದೂರ ತಳ್ಳಬೇಕು, ನೀವು ಒಣ ಜಾಗದಲ್ಲಿ ನಿಂತಿರಬೇಕು. ಹರಿದು ಬಿದ್ದದ್ದು 11 ಕೆವಿ ಲೈನ್ ಆಗಿದ್ದರೆ ಕಟ್ಟಿಗೆಯ ಮಾತೂ ಬೇಡ, ಹತ್ತಿರವೇ ಹೋಗಬೇಡಿ. 1912ಕ್ಕೆ, ನಿಮ್ಮ ಲೈನ್‌ಮನ್‌ಗೆ ಫೋನ್ ಮಾಡಿ ಕರೆಂಟ್ ತೆಗೆಸಿ. ಲೈನ್‌ಮನ್ ನಂಬರ್ ಮನೆಯ ಹೆಣ್ಣುಮಕ್ಕಳ ಫೋನಿನಲ್ಲೂ ಇರಲಿ, ಯಾಕೆಂದರೆ ಬಿದ್ದವನ ಫೋನ್ ಬಿದ್ದವನ ಜೇಬಿನಲ್ಲಿರುತ್ತದೆ.

ಕರೆಂಟ್ ಬಿಟ್ಟ ಮೇಲೆ ಅವನ ಮೈಯಲ್ಲಿ ಕರೆಂಟ್ ಉಳಿದಿರಲ್ಲ. ಸಿಡಿಲು ಬಡಿದವರದ್ದೂ ಅಷ್ಟೇ. ಮುಟ್ಟಿದರೆ ನಮಗೂ ಹೊಡೆಯುತ್ತದೆ ಅಂತ ದೂರ ನಿಲ್ಲುವುದು, ಸಗಣಿಯಲ್ಲಿ ಹೂಳುವುದು, ಮಣ್ಣು ಮುಚ್ಚುವುದು ಎಲ್ಲ ಆ ಆರು ನಿಮಿಷವನ್ನು ತಿಂದು ಹಾಕುತ್ತವೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಗಿಡದ ಕೆಳಗೆ ನಿಂತ ನಾಲ್ಕು ಜನರಿಗೆ ಸಿಡಿಲು ಬಡಿದರೆ ಮೊದಲು ಯಾರನ್ನು ನೋಡಬೇಕು? ನರಳುವವರನ್ನು ಅಂತ ನಮಗೆ ಅನ್ನಿಸುತ್ತದೆ. ಸಿಡಿಲಿನ ವಿಷಯದಲ್ಲಿ ಡಾಕ್ಟರುಗಳು ಹೇಳುವುದು ತದ್ವಿರುದ್ಧ. ನರಳುವವರು ಹೆಚ್ಚಾಗಿ ಬದುಕುತ್ತಾರೆ, ಸದ್ದಿಲ್ಲದೆ ಬಿದ್ದವರಿಗೆ ಮೊದಲು ಕೈ ಹಚ್ಚಿ. ಸಿಡಿಲಿಗೆ ನಿಂತ ಹೃದಯ ತಾನಾಗಿ ಮತ್ತೆ ಶುರುವಾಗುವುದುಂಟು, ಆದರೆ ಉಸಿರಾಟ ಇನ್ನೂ ಸ್ವಲ್ಪ ಹೊತ್ತು ಲಕ್ವಾ ಹೊಡೆದಂತೆ ನಿಂತಿರುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಬಾಯಿಂದ ಉಸಿರು ಕೊಟ್ಟರೆ ಜೀವ ಉಳಿಯಬಹುದು.

ಹೊಂಡದ ಪ್ಲಾಸ್ಟಿಕ್ಕು, ಉಪ್ಪಿನ ರಾಶಿ

2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಬೋರ್‌ವೆಲ್‌ಗೆ ಬಿದ್ದ ಕೂಸನ್ನು ಹತ್ತಿರ ಹತ್ತಿರ 20 ತಾಸಿನ ಮೇಲೆ ಜೀವಂತ ತೆಗೆದರು. ಇಡೀ ರಾಜ್ಯ ಟಿವಿ ಮುಂದೆ ಕೈ ಮುಗಿದು ಕೂತಿತ್ತು. ನೀರಲ್ಲಿ ಮುಳುಗುವ ಮಗುವಿಗೆ ಅಂಥ ಹೊತ್ತು ಸಿಗುವುದೇ ಇಲ್ಲ, ಟಿವಿಯವರು ಬರುವ ಪ್ರಶ್ನೆಯಂತೂ ದೂರ.

ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ತೋಟಕ್ಕೆ ನೀರು ಕೂಡಿಡುವ ಹೊಂಡಗಳನ್ನು ನೋಡಿದವರಿಗೆ ಗೊತ್ತು. ನಾಲ್ಕೂ ಕಡೆ ಇಳಿಜಾರು, ತಳದಿಂದ ಮೇಲಿನ ತನಕ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಪಾಚಿ. ಕಾಲು ಜಾರಿದರೆ ಈಜು ಬಂದವನಿಗೂ ಹತ್ತಲು ಆಗಲ್ಲ, ಹಿಡಿಯಲು ಏನೂ ಇಲ್ಲ. ಬೇಲಿ ಹಾಕಲು ದುಡ್ಡಿಲ್ಲ ಅಂದರೂ ಸರಿ, ದಂಡೆಯ ಗೂಟಕ್ಕೆ ಗಂಟು ಹಾಕಿದ ಹಗ್ಗವೊಂದನ್ನು ಕಟ್ಟಿ ನೀರೊಳಗೆ ಇಳಿಬಿಡಬಹುದು, ಪಕ್ಕದಲ್ಲಿ ಟ್ರ್ಯಾಕ್ಟರಿನ ಹಳೆ ಟ್ಯೂಬ್ ಅಥವಾ ಬಾಯಿ ಮುಚ್ಚಿದ ಖಾಲಿ ಕ್ಯಾನ್ ಇಡಬಹುದು. ಯಾರಾದರೂ ಬಿದ್ದರೆ ಹಾರಬೇಡಿ, ಹಗ್ಗ ಒಗೆಯಿರಿ, ಸೀರೆ ಒಗೆಯಿರಿ, ಖಾಲಿ ಕೊಡ ಒಗೆಯಿರಿ. ಮುಳುಗುವವನು ಹತ್ತಿರ ಬಂದವನನ್ನೇ ಅಪ್ಪಿಕೊಂಡು ಒಳಗೆ ಎಳೆಯುತ್ತಾನೆ.

ಮೇಲೆ ತಂದ ಮೇಲೆ ನಮ್ಮ ಕಡೆ ಏನು ಮಾಡುತ್ತಾರೆ? ಕಾಲು ಹಿಡಿದು ತಲೆಕೆಳಗು ಮಾಡುತ್ತಾರೆ, ಹೆಗಲ ಮೇಲೆ ಬೋರಲು ಹಾಕಿಕೊಂಡು ಓಡುತ್ತಾರೆ, ಹೊಟ್ಟೆ ಒತ್ತಿ ನೀರು ತೆಗೆಯುತ್ತಾರೆ. ಹೊಟ್ಟೆ ಒತ್ತಿದರೆ ಬರುವುದು ಹೊಟ್ಟೆಯ ನೀರು ಮತ್ತು ಉಂಡದ್ದು, ಅದು ಹೋಗಿ ಶ್ವಾಸಕೋಶ ಸೇರುತ್ತದೆ. ಮುಳುಗಿದವರಿಗೆ ಮೊದಲು ಕೊರತೆಯಾಗುವುದು ಉಸಿರು. ಹಾಗಾಗಿ ಇಲ್ಲಿ ಮಾತ್ರ ಶುರುವಿಗೇ ಮೂಗು ಮುಚ್ಚಿ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಕು, ಆಮೇಲೆ ಎದೆ ಒತ್ತಬೇಕು, 30 ಒತ್ತಿಗೆ 2 ಉಸಿರು. ಉಸಿರು ಕೊಡಲು ಬರದಿದ್ದರೆ ಒತ್ತುವುದನ್ನಾದರೂ ಬಿಡಬಾರದು.

ಇದಕ್ಕಿಂತ ಸಂಕಟದ ಸಂಗತಿ ಉಪ್ಪಿನದು. ಮುಳುಗಿ ಸತ್ತವರನ್ನು ಉಪ್ಪಿನಲ್ಲಿ ಹೂತಿಟ್ಟರೆ ಜೀವ ಬರುತ್ತದೆ ಅಂತ ಮೊಬೈಲಿನಲ್ಲಿ ಒಂದು ಸುಳ್ಳು ವರ್ಷಗಳಿಂದ ತಿರುಗುತ್ತಿದೆ. 2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿ ತಾಲೂಕಿನ ಸಿರವಾರದಲ್ಲಿ ಒಬ್ಬ ಬಾಲಕನನ್ನು, 2023ರ ಡಿಸೆಂಬರ್‌ನಲ್ಲಿ ಹಾವೇರಿ ಜಿಲ್ಲೆಯಲ್ಲಿ ಇಬ್ಬರು ಹುಡುಗರನ್ನು ಹೀಗೆ ಕ್ವಿಂಟಲ್‌ಗಟ್ಟಲೆ ಉಪ್ಪು ತಂದು ತಾಸುಗಟ್ಟಲೆ ಮುಚ್ಚಿಟ್ಟರು. ಆ ತಂದೆ ತಾಯಿಯನ್ನು ನೋಡಿ ನಗುವ ಮನಸ್ಸು ನನಗಿಲ್ಲ. ಅಷ್ಟು ಉಪ್ಪು ಕೂಡಿಸಲು ಇಡೀ ಊರು ಓಡಾಡಿದೆ ಅಂದರೆ ಉಳಿಸಬೇಕು ಅನ್ನೋ ತುಡಿತಕ್ಕೆ ಏನೂ ಕೊರತೆ ಇರಲಿಲ್ಲ. ಸರಿಯಾದ ಕೆಲಸ ಯಾವುದು ಅಂತ ಅವರಿಗೆ ಯಾರೂ ಮೊದಲೇ ತೋರಿಸಿರಲಿಲ್ಲ, ಆ ಖಾಲಿ ಜಾಗದಲ್ಲಿ ವಾಟ್ಸಾಪ್ ಬಂದು ಕೂತಿತು.

ಗಂಟಲಿನ ಮಾತು ಚಿಕ್ಕದು. ಶೇಂಗಾ, ಕಡಲೆ, ಚಿಲ್ಲರೆ ನಾಣ್ಯ. ಕೂಸು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಅದಕ್ಕಿಂತ ದೊಡ್ಡ ಉಪಾಯ ಇಲ್ಲ. ಕೆಮ್ಮೂ ಇಲ್ಲ, ಅಳುವೂ ಇಲ್ಲ, ತುಟಿ ನೀಲಿ ಆಗುತ್ತಿದೆ ಅಂದರೆ ಕಾಯಬೇಡಿ. ವರ್ಷದೊಳಗಿನ ಕೂಸಾದರೆ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗೆ ಇರಲಿ, ಬೆನ್ನಿನ ಎರಡು ರೆಕ್ಕೆ ಎಲುಬುಗಳ ನಡುವೆ ಅಂಗೈ ಬುಡದಿಂದ ಐದು ಏಟು, ಅಂಗಾತ ಮಾಡಿ ಎದೆಯ ನಡುವೆ ಐದು ಒತ್ತು, ಹೊರಗೆ ಬರುವ ತನಕ ಇದೇ. ದೊಡ್ಡವರಿಗೆ ಮತ್ತು ವರ್ಷ ದಾಟಿದ ಮಕ್ಕಳಿಗೆ ಬೆನ್ನಿಗೆ ಐದು ಏಟು, ಆಮೇಲೆ ಹಿಂದಿನಿಂದ ಅಪ್ಪಿ ಹಿಡಿದು ಹೊಕ್ಕುಳ ಮೇಲ್ಗಡೆ ಮುಷ್ಟಿ ಇಟ್ಟು ಒಳಗೆ ಮೇಲಕ್ಕೆ ಐದು ಸಲ ಜೋರಾಗಿ ಎಳೆಯುವುದು. ಬಸುರಿಯರಿಗೆ ಹೊಟ್ಟೆ ಬೇಡ, ಎದೆ. ಕಾಣದ ವಸ್ತುವಿಗೆ ಬೆರಳು ಹಾಕಿ ತಡಕಾಡಬೇಡಿ, ಇನ್ನೂ ಒಳಗೆ ಹೋಗುತ್ತದೆ. ಎಚ್ಚರ ತಪ್ಪಿತೋ, ನೆಲಕ್ಕೆ ಮಲಗಿಸಿ ಸಿಪಿಆರ್ ಶುರು ಮಾಡಿ.

ಬಿದ್ದವರ ಸುತ್ತ ನಿಂತ ಜನ

ಯಾರಾದರೂ ಕುಸಿದರೆ ನಮ್ಮಲ್ಲಿ ಜನ ಕೂಡುವುದು ಕಡಿಮೆ ಏನಿಲ್ಲ. "ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿರಿ", "ಕೈಯಾಗ ಕಬ್ಬಿಣ ಕೊಡ್ರಿ", "ಅಂಗಾಲು ತಿಕ್ಕ್ರಿ", "ನೀರ ಕುಡಸ್ರಿ". ಎಲ್ಲರ ಬಾಯಲ್ಲೂ ಒಂದೊಂದು ಔಷಧಿ. ಇದರಲ್ಲಿ ಅಪಾಯದ್ದು ನೀರು. ಎಚ್ಚರ ಇಲ್ಲದವರ ಬಾಯಿಗೆ ಹಾಕಿದ ನೀರು ಉಸಿರಿನ ದಾರಿ ಹಿಡಿಯುತ್ತದೆ.

ಎಲ್ಲಕ್ಕಿಂತ ಜಾಸ್ತಿ ಜನ ಮೋಸ ಹೋಗುವುದು ಒಂದು ಕಡೆ. ಹೃದಯ ನಿಂತ ಮೇಲೂ ಕೆಲವರು ಒಂದೆರಡು ನಿಮಿಷ ಬಾಯಿ ತೆರೆದು ಗೊರಗೊರ ಅಂತ ಆಗೊಮ್ಮೆ ಈಗೊಮ್ಮೆ ಉಸಿರು ಎಳೆಯುತ್ತಾರೆ, ನೀರಿಂದ ತೆಗೆದ ಮೀನಿನ ಹಾಗೆ. "ಉಸುರು ಐತಿ, ಜೀವ ಐತಿ, ಗಾಡಿ ಬರ್ಲಿ ತಡೀರಿ" ಅಂತ ಎಲ್ಲರೂ ಕಾಯುತ್ತಾರೆ. ಅದು ಉಸಿರಾಟವೇ ಅಲ್ಲ. ಹೆಗಲು ತಟ್ಟಿ ಜೋರಾಗಿ ಕರೆಯಿರಿ, ಹತ್ತು ಸೆಕೆಂಡ್ ಎದೆ ನೋಡಿ. ಓಗೊಡಲಿಲ್ಲ, ಎದೆ ಸರಿಯಾಗಿ ಏರಿಳಿಯುತ್ತಿಲ್ಲ ಅಂದರೆ ಶುರು ಮಾಡಿಬಿಡಿ. ಒಬ್ಬರು 108 ಅಥವಾ 112ಕ್ಕೆ ಹಚ್ಚಿ ಸ್ಪೀಕರ್ ಹಾಕಲಿ, ಇನ್ನೊಬ್ಬರು ಬೈಕ್ ತೆಗೆದುಕೊಂಡು ಡಾಂಬರು ರಸ್ತೆಗೆ ಹೋಗಿ ಗಾಡಿಗೆ ದಾರಿ ತೋರಿಸಲು ನಿಲ್ಲಲಿ.

ಹೊರಸಿನ ಮೇಲೆ ಮಲಗಿದ್ದರೆ ಮೊದಲು ನೆಲಕ್ಕೆ ಇಳಿಸಿ. ಹೊರಸಿನ ಮೇಲೆ ಒತ್ತಿದರೆ ಹಗ್ಗ ತಗ್ಗುತ್ತದೆ, ಎದೆ ತಗ್ಗಲ್ಲ. ಎದೆಯ ನಟ್ಟನಡುವೆ, ಎದೆ ಎಲುಬಿನ ಕೆಳ ಅರ್ಧದ ಮೇಲೆ ಅಂಗೈ ಬುಡ ಇಟ್ಟು, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚದೆ, ಸೊಂಟದಿಂದ ಮೈ ಭಾರ ಬಿಟ್ಟು ಒತ್ತಬೇಕು. ದೊಡ್ಡವರಿಗೆ 5 ಸೆಂಟಿಮೀಟರ್ ತಗ್ಗಬೇಕು, 6 ದಾಟಬಾರದು. ನಿಮಿಷಕ್ಕೆ 100ರಿಂದ 120. ಅಂದರೆ ಸೆಕೆಂಡಿಗೆ ಎರಡಕ್ಕೆ ಹತ್ತಿರ, ಭಜನಾ ಮಂಡಳಿಯಲ್ಲಿ ತಾಳ ಹಿಡಿಯುವವರಿಗೆ ಇದು ಬೇಗ ಕೈ ಹತ್ತುತ್ತದೆ. ಪ್ರತಿ ಒತ್ತಿನ ಮೇಲೆ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು, ಆಗಲೇ ಹೃದಯದಲ್ಲಿ ರಕ್ತ ತುಂಬುವುದು. ಒಬ್ಬರೇ ಒತ್ತಿದರೆ ಎರಡು ನಿಮಿಷಕ್ಕೆ ಕೈ ಸೋಲುತ್ತದೆ, ಕಬ್ಬು ಕಡಿಯುವ ಕೈಯೂ ಸೋಲುತ್ತದೆ. ಹಾಗಾಗಿ ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ಒಂದು ವಸ್ತಿಯಲ್ಲಿ ಒಬ್ಬರಿಗೆ ಮಾತ್ರ ಬಂದರೆ ಸಾಲದು ಅನ್ನೋದು ಇದಕ್ಕೇ.

"ಎದಿ ಎಲುಬು ಮುರಿತಾವಲ್ರೀ?" ಮುರಿಯಬಹುದು. ಮುರಿದ ಎಲುಬು ಕೂಡುತ್ತದೆ.

ಗಾಡಿ ಬರುವುದು ಬಹಳ ತಡ ಅಂತ ಗೊತ್ತಿದ್ದರೆ ನಾವೇ ಒಯ್ಯಬೇಕಾಗುತ್ತದೆ. ಆಗ ಟಂಟಂ ಸೀಟಿನಲ್ಲಿ ಕೂರಿಸಿ ಕತ್ತು ಜೋತು ಬಿಟ್ಟು ಒಯ್ಯುವುದಕ್ಕಿಂತ ಟಾಟಾ ಏಸ್‌ನ ಹಿಂದೆ ಗಟ್ಟಿ ಹಲಗೆಯ ಮೇಲೆ ಮಲಗಿಸುವುದು ಮೇಲು. ಓಡುವ ಗಾಡಿಯಲ್ಲಿ ಒತ್ತುವುದು ಅರೆಬರೆ ಆಗುತ್ತದೆ, ಒತ್ತುವವರಿಗೂ ಅಪಾಯ. ಆದರೂ ಬೇರೆ ದಾರಿ ಇಲ್ಲದ ಕಡೆ ಅರೆಬರೆಯೇ ಗತಿ. ಗಾಡಿ ಹುಡುಕುವ ತನಕ ಸುಮ್ನೆ ನಿಲ್ಲುವುದು ಮಾತ್ರ ತಪ್ಪು.

ಹೆಣ್ಣುಮಕ್ಕಳ ಮಾತು ಹೇಳಲೇಬೇಕು. ಹೊರಗೆ ಬಿದ್ದ ಹೆಂಗಸರ ಎದೆ ಮುಟ್ಟಲು ಜನ ಹಿಂದೆಮುಂದೆ ನೋಡುತ್ತಾರೆ, ಹೊರದೇಶಗಳ ಅಧ್ಯಯನಗಳಲ್ಲೂ ಇದೇ ಕಂಡಿದೆ. ನಮ್ಮ ಊರುಗಳಲ್ಲಿ ಇದು ಇನ್ನೂ ಬಿಗಿ. ನಾಚಿಕೆ ಬಿಡಿ ಅಂತ ಭಾಷಣ ಮಾಡಿದರೆ ಬದಲಾಗಲ್ಲ. ಹೆಂಗಸರಿಗೇ ಕಲಿಸಿದರೆ ಬದಲಾಗುತ್ತದೆ. ಅದಲ್ಲದೆ ಆಸ್ಪತ್ರೆಯ ಹೊರಗೆ ಹೃದಯ ನಿಲ್ಲುವುದು ಹೆಚ್ಚಾಗಿ ಮನೆಯಲ್ಲೇ, ರಸ್ತೆಯಲ್ಲೋ ಮಾಲ್‌ನಲ್ಲೋ ಕಡಿಮೆ. ಮನೆಯಲ್ಲಿ ಪಕ್ಕದಲ್ಲಿರುವುದು ಯಾರು? ಹೆಂಡತಿ, ಸೊಸೆ, ಹೈಸ್ಕೂಲಿಗೆ ಹೋಗುವ ಮಗಳು.

ಇದರಿಂದ ನಿಜಕ್ಕೂ ಎಷ್ಟು ಜನ ಬದುಕುತ್ತಾರೆ?

ಸಿನಿಮಾದಲ್ಲಿ ನಾಲ್ಕು ಸಲ ಒತ್ತಿದರೆ ಕೆಮ್ಮುತ್ತ ಏಳುತ್ತಾರೆ. ನಿಜದಲ್ಲಿ ಹಾಗಿಲ್ಲ. ಒಳ್ಳೆ ವ್ಯವಸ್ಥೆ ಇರುವ ದೇಶಗಳಲ್ಲೂ ಆಸ್ಪತ್ರೆಯ ಹೊರಗೆ ಹೃದಯ ನಿಂತ ಹತ್ತು ಜನರಲ್ಲಿ ಒಬ್ಬರ ಆಸುಪಾಸು ಬದುಕುತ್ತಾರೆ. ನಮ್ಮಲ್ಲಿ ಅದಕ್ಕಿಂತ ಕಡಿಮೆ ಅಂತಲೇ ಇಟ್ಟುಕೊಳ್ಳಿ. ಆದರೂ ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ ಡೆನ್ಮಾರ್ಕಿನ ಲೆಕ್ಕ ನೋಡಿ. ಅಲ್ಲಿ 2005ರಲ್ಲಿ ಶಾಲೆಗಳಲ್ಲಿ, 2006ರಲ್ಲಿ ಡ್ರೈವಿಂಗ್ ಲೈಸೆನ್ಸಿಗೆ ಈ ತರಬೇತಿ ಕಡ್ಡಾಯ ಮಾಡಿದರು. 2001ರಲ್ಲಿ ಪಕ್ಕದಲ್ಲಿದ್ದವರು ಸಿಪಿಆರ್ ಮಾಡಿದ್ದು ಶೇ 21ರಷ್ಟು ಪ್ರಕರಣಗಳಲ್ಲಿ, 2010ಕ್ಕೆ ಅದು ಶೇ 45ರ ಹತ್ತಿರ ಬಂತು. ಅದೇ ಅವಧಿಯಲ್ಲಿ 30 ದಿನ ದಾಟಿ ಬದುಕಿದವರು ಶೇ 3.5ರಿಂದ 10.8ಕ್ಕೆ ಏರಿದರು. ಆಸ್ಪತ್ರೆಗಳೂ ಆ್ಯಂಬುಲೆನ್ಸೂ ಸುಧಾರಿಸಿದ್ದವು, ಎಲ್ಲ ಶ್ರೇಯ ಕೈಗಳಿಗೇ ಅಂತ ಹೇಳಕ್ಕಾಗಲ್ಲ. 2021ರ ಜೂನ್ 12ರಂದು ಕೋಪನ್‌ಹೇಗನ್ ಮೈದಾನದಲ್ಲಿ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಕುಸಿದಾಗ ಎದೆ ಒತ್ತುವ ಕೈ, ಶಾಕ್ ಕೊಡುವ ಯಂತ್ರ ಎರಡೂ ತಕ್ಷಣ ಸಿಕ್ಕವು. ವರ್ಷ ತುಂಬುವುದರೊಳಗೆ ಆತ ಮತ್ತೆ ಆಡುತ್ತಿದ್ದ.

ಆ ಶಾಕ್ ಕೊಡುವ ಯಂತ್ರಕ್ಕೆ ಎಇಡಿ ಅನ್ನುತ್ತಾರೆ. ಎಲ್ಲಿ ಪ್ಯಾಡ್ ಅಂಟಿಸಬೇಕು, ಯಾವಾಗ ದೂರ ಸರಿಯಬೇಕು ಅಂತ ಯಂತ್ರವೇ ಮಾತಾಡಿ ಹೇಳುತ್ತದೆ. ನಮ್ಮ ಬಸ್ ನಿಲ್ದಾಣ, ಎಪಿಎಂಸಿ, ಜಾತ್ರೆಗಳಲ್ಲಿ ಇದು ಬರಬೇಕು ಅಂತ ಕೇಳುವುದು ಸರಿಯೇ. ಕೂಡಲಸಂಗಮ, ಸವದತ್ತಿ ಯಲ್ಲಮ್ಮನ ಗುಡ್ಡ, ಬಾದಾಮಿ ಬನಶಂಕರಿ ಜಾತ್ರೆಗೆ ಸೇರುವ ಜನ ಎಷ್ಟು ಅಂತ ನಿಮಗೆ ಗೊತ್ತು. ಆದರೆ ಯಂತ್ರಕ್ಕೆ ಕಾದು ಕೂತರೆ ವಸ್ತಿಗೆ ಏನೂ ಬರಲ್ಲ. ಕೈ ಮೊದಲು.

ಪೊಲೀಸ್ ಕೇಸಿನ ಭಯ ಇನ್ನೂ ಇದೆ. ಕಬ್ಬಿನ ಸೀಸನ್ನಿನಲ್ಲಿ ರಿಫ್ಲೆಕ್ಟರ್ ಇಲ್ಲದ ಡಬಲ್ ಟ್ರೇಲರ್‌ಗೆ ಹಿಂದಿನಿಂದ ಗುದ್ದಿ ಬಿದ್ದ ಬೈಕಿನವರ ಸುತ್ತ ಜನ ನಿಂತಿರುತ್ತಾರೆ, ಯಾರೂ ಮುಟ್ಟಲ್ಲ, ಅರ್ಧ ಜನ ವಿಡಿಯೋ ಮಾಡುತ್ತಾರೆ. 2016ರ ಮಾರ್ಚ್‌ನಲ್ಲೇ ಸುಪ್ರೀಂ ಕೋರ್ಟ್ ನೆರವಾದವರಿಗೆ ಕಿರುಕುಳ ಕೊಡಬಾರದು ಅಂತ ಮಾಡಿದ ನಿಯಮಗಳಿಗೆ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿತು: ಅಪಘಾತದಲ್ಲಿ ಒಳ್ಳೆ ಮನಸ್ಸಿನಿಂದ ನೆರವಾದವರ ಮೇಲೆ ಕೇಸಿಲ್ಲ, ಹೆಸರು ವಿಳಾಸ ಹೇಳಿ ಅಂತ ಒತ್ತಾಯ ಮಾಡುವಂತಿಲ್ಲ. ಕರ್ನಾಟಕಕ್ಕೆ ತನ್ನದೇ ಕಾಯ್ದೆಯೂ ಇದೆ, 2016ರದು. ರಕ್ತ ಸುರಿಯುತ್ತಿದ್ದರೆ ಅರಿಶಿನ, ಕಾಫಿ ಪುಡಿ ಹುಡುಕಬೇಡಿ, ಸ್ವಚ್ಛ ಬಟ್ಟೆ ಮಡಚಿ ಗಾಯದ ಮೇಲೆ ಇಟ್ಟು ಬಿಡದೆ ಒತ್ತಿ ಹಿಡಿಯಿರಿ. ಬಟ್ಟೆ ತೊಯ್ದರೆ ಅದರ ಮೇಲೆ ಇನ್ನೊಂದು. ಹಾವು ಕಡಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಡಿದ ಕೈಕಾಲು ಅಲುಗಿಸದೆ, ನಡೆಸದೆ, ಆಂಟಿವೆನಂ ಇರುವ ಆಸ್ಪತ್ರೆಗೆ.

ಕಲಿಸುವುದು ಯಾರಿಗೆ?

2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಸಿಪಿಆರ್ ಜಾಗೃತಿ ಸಪ್ತಾಹ ಮಾಡಿತು. ಇಂಥ ಕಾರ್ಯಕ್ರಮಗಳು ಒಳ್ಳೆಯದೇ, ಆದರೆ ನಾವು ನೋಡುವ ತರಬೇತಿ ಹೆಚ್ಚಾಗಿ ಹೇಗಿರುತ್ತದೆ? ಬ್ಯಾನರ್, ಸ್ವಾಗತ ಭಾಷಣ, ಶಾಲು, ಎದೆ ಒತ್ತಿ ಕಲಿಯಲು ಒಂದು ಗೊಂಬೆ, ನೂರು ಜನ, ಅದರಲ್ಲಿ ಐದು ಜನ ಒತ್ತಿದರು, ಫೋಟೋ. ಈ ವಿದ್ಯೆ ನೋಡಿದರೆ ಬರಲ್ಲ, ಒತ್ತಿದರೆ ಬರುತ್ತದೆ. ಬಂದದ್ದೂ ಮೂರರಿಂದ ಆರು ತಿಂಗಳಿಗೆ ಮಸುಕಾಗುತ್ತದೆ.

ಕಾನೂನಿನಲ್ಲಿ ಪ್ರಥಮ ಚಿಕಿತ್ಸೆ ಇಲ್ಲ ಅಂತಿಲ್ಲ. ಬಸ್ ಕಂಡಕ್ಟರ್ ಲೈಸೆನ್ಸಿಗೆ ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಕೇಳುತ್ತಾರೆ. 1948ರ ಕಾರ್ಖಾನೆ ಕಾಯ್ದೆಯ 45ನೇ ಕಲಮಿನಲ್ಲೇ 150 ಕಾರ್ಮಿಕರಿಗೆ ಒಂದರಂತೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಅದನ್ನು ನೋಡಿಕೊಳ್ಳಲು ತರಬೇತಿ ಪಡೆದ ಆಳು ಇರಬೇಕು ಅಂತಿತ್ತು. ಹಾಗಾಗಿ ಮುಧೋಳದಿಂದ ಚಿಕ್ಕೋಡಿ ತನಕ ಸಕ್ಕರೆ ಕಾರ್ಖಾನೆಗಳ ಗೇಟಿನೊಳಗೆ ಪೆಟ್ಟಿಗೆ ಇರುತ್ತದೆ. ಕಬ್ಬು ಕಡಿಯುವ ಗ್ಯಾಂಗು ಇರುವುದು ಗೇಟಿನ ಹೊರಗೆ, ಹೊಲದಲ್ಲಿ, ಪ್ಲಾಸ್ಟಿಕ್ ಗುಡಿಸಲಿನಲ್ಲಿ. ಗ್ಯಾಂಗಿನ ಮುಕಾದಮನಿಗೆ, ಟ್ರ್ಯಾಕ್ಟರ್ ಡ್ರೈವರ್‌ಗಳಿಗೆ ಸೀಸನ್ ಶುರುವಾಗುವ ಮುಂಚೆ ಅರ್ಧ ದಿನ ಕಲಿಸಲು ಕಾರ್ಖಾನೆಗಳಿಗೆ ಕಷ್ಟವೇನಿಲ್ಲ. ಆಫ್ ಸೀಸನ್ನಿನಲ್ಲಿ ಆಳೂ ಜಾಗವೂ ಎರಡೂ ಖಾಲಿ ಇರುತ್ತವೆ.

ಸಾಮಾನ್ಯ ಜನರಿಗೆ ಉಸಿರು ಕೊಡುವ ರಗಳೆ ಇಲ್ಲದೆ ಬರೀ ಎದೆ ಒತ್ತುವುದನ್ನು ಕಲಿಸುವ ಕ್ರಮವನ್ನು ನಮ್ಮ ದೇಶದ ಅರಿವಳಿಕೆ ತಜ್ಞರ ಸಂಘದವರೇ 2017ರಲ್ಲಿ ರೂಪಿಸಿದ್ದಾರೆ. ಗುರುತಿಸು, ಫೋನ್ ಮಾಡು, ಒತ್ತು, ಬೇಗ ಆಸ್ಪತ್ರೆಗೆ ಮುಟ್ಟಿಸು. ಒಂದು ತಾಸಿನಲ್ಲಿ ಹೇಳಿಕೊಡಬಹುದು. ನೀರಿನ ದಂಡೆಯ ಊರುಗಳಲ್ಲಿ ಮಾತ್ರ ಉಸಿರು ಕೊಡುವುದನ್ನೂ ಸೇರಿಸಬೇಕು ಅನ್ನೋದು ನನ್ನ ಒತ್ತಾಯ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಕಡೆ ಮೆಡಿಕಲ್ ಕಾಲೇಜುಗಳಿವೆ, ಅಲ್ಲಿ ಕಲಿಯುವ ಹುಡುಗರಿದ್ದಾರೆ, ಗೊಂಬೆಗಳಿವೆ. ಅವರನ್ನು ಕರೆಸಲು ಬೇಕಾಗುವುದು ಗ್ರಾಮ ಪಂಚಾಯಿತಿಯ ಒಂದು ಪತ್ರ, ಮಧ್ಯಾಹ್ನದ ರೊಟ್ಟಿ ಊಟ.

ನೀವೇ ಏರ್ಪಾಡು ಮಾಡುವುದಾದರೆ ಜಾಗ ಸಮುದಾಯ ಭವನಕ್ಕಿಂತ ಹಾಲಿನ ಡೇರಿ ಇರಲಿ, ವಸ್ತಿಯವರು ದಿನಾ ಬರುವುದು ಅಲ್ಲಿಗೆ. ಸ್ತ್ರೀಶಕ್ತಿ ಸಂಘದ ಸಭೆ ಇರುವ ದಿನ ಆದರೆ ಇನ್ನೂ ಒಳ್ಳೆಯದು, ಆಶಾ ಮತ್ತು ಅಂಗನವಾಡಿಯವರು ಹೇಗೂ ಇರುತ್ತಾರೆ. ಗೊಂಬೆ ಒಂದೇ ಇದ್ದರೆ ಉಳಿದವರು ಕೌದಿಯನ್ನು ಗಟ್ಟಿಯಾಗಿ ಸುತ್ತಿ ನೆಲಕ್ಕಿಟ್ಟು ಒತ್ತಲಿ. ಆಳ ಸರಿಯಾಗಿ ಗೊತ್ತಾಗಲ್ಲ, ಲಯ ಮತ್ತು ಮೊಣಕೈ ನಿಲ್ಲಿಸುವುದು ಬರುತ್ತದೆ. ಬಂದವರೆಲ್ಲ ಎರಡೆರಡು ನಿಮಿಷ ಒತ್ತಿದ ಮೇಲೆಯೇ ಮನೆಗೆ ಬಿಡಿ, ಫೋಟೋ ಆಮೇಲೆ. ಮೊದಲ ಸುತ್ತು ಮೇ ತಿಂಗಳಲ್ಲಿ ಮುಗಿಸಿ, ಹೊಂಡಕ್ಕೂ ಹೊಳೆಗೂ ನೀರು ಬರುವ ಮುಂಚೆ. ಎರಡನೆಯದು ಅಕ್ಟೋಬರ್‌ನಲ್ಲಿ, ಕಬ್ಬಿನ ಗಾಡಿಗಳು ರಸ್ತೆಗೆ ಇಳಿಯುವ ಮುಂಚೆ.